ಮೌನವಾದ ಜೀನ್ ಅಳಿಸಿಹೋಗುತ್ತದೆಯೇ?

ಸರಸ್ವತಿಪುರಂನಲ್ಲಿ ಬೆಳಗಿನ ನಡಿಗೆಗೆ ಬರುವ ಹಿರಿಯರಿಂದ ಹಿಡಿದು ನನ್ನ ಪದವಿ ವಿದ್ಯಾರ್ಥಿಗಳವರೆಗೆ ಎಲ್ಲರೂ ಕೇಳುವುದು ಇದನ್ನೇ: ‘ಮೇಷ್ಟ್ರೇ, ಕೊಲೆಸ್ಟ್ರಾಲ್ ಇಳಿಸಲು ಜೀನನ್ನು ಮೌನಗೊಳಿಸುವ ಚುಚ್ಚುಮದ್ದು ಬಂದಿದೆಯಂತೆ. ಅದು ನಮ್ಮ ಜೀನನ್ನೇ ಅಳಿಸಿಬಿಡುವುದಿಲ್ಲವೇ?’

ಅಳಿಸುವುದಿಲ್ಲ. ಡಿಎನ್‌ಎಯ ಒಂದಕ್ಷರವೂ ಬದಲಾಗುವುದಿಲ್ಲ. ತಾಲ್ಲೂಕು ಕಚೇರಿಯಲ್ಲಿ ಮೂಲ ದಾಖಲೆ ಭದ್ರವಾಗಿದ್ದು, ಹೊರಗೆ ಕೊಟ್ಟ ನಕಲು ಮಾತ್ರ ಹರಿದಂತೆ ಇದು. ಜೀನ್ ಕಳುಹಿಸಿದ ಸಂದೇಶವಾಹಕ ಆರ್‌ಎನ್‌ಎ ತುಂಡಾಗುತ್ತದೆ, ಅದರಿಂದ ಆಗಬೇಕಿದ್ದ ಪ್ರೋಟೀನ್ ಆಗುವುದಿಲ್ಲ. ಇನ್‌ಕ್ಲಿಸಿರಾನ್ ಎಂಬ ಆ ಮದ್ದು ಯಕೃತ್ತಿನಲ್ಲಿ ಪಿಸಿಎಸ್‌ಕೆ9 ಎಂಬ ಒಂದು ಜೀನಿನ ಸಂದೇಶವನ್ನು ಹೀಗೆ ತಡೆಯುತ್ತದೆ. ಜೀನ್ ಉಳಿದಿರುವುದರಿಂದ ಹೊಸ ಸಂದೇಶಗಳು ಬರುತ್ತಲೇ ಇರುತ್ತವೆ. ಆರು ತಿಂಗಳಿಗೊಮ್ಮೆ ಮತ್ತೆ ಚುಚ್ಚಿಸಿಕೊಳ್ಳಬೇಕಾಗುವುದು ಅದಕ್ಕೇ.

ಈ ಉಪಾಯವನ್ನು ಔಷಧ ಕಂಪನಿಗಳು ಹುಟ್ಟಿಸಲಿಲ್ಲ, ಜೀವಕೋಶದಲ್ಲಿ ಮೊದಲೇ ಇತ್ತು. ಎರಡೆಳೆಯ ಉದ್ದನೆಯ ಆರ್‌ಎನ್‌ಎ ಸಿಕ್ಕಿದರೆ ಡೈಸರ್ ಎಂಬ ಕಿಣ್ವ ಅದನ್ನು 21ರಿಂದ 23 ಅಕ್ಷರಗಳ ತುಣುಕುಗಳಾಗಿ ಕತ್ತರಿಸುತ್ತದೆ. ಆರ್ಗೊನಾಟ್ ಎಂಬ ಪ್ರೋಟೀನ್ ತುಣುಕಿನ ಒಂದೆಳೆಯನ್ನು ಬಿಟ್ಟು ಇನ್ನೊಂದನ್ನು ಹಿಡಿದುಕೊಂಡು, ಅದಕ್ಕೆ ಹೊಂದುವ ಸಂದೇಶವನ್ನು ಹುಡುಕುತ್ತದೆ. ಸಿಕ್ಕಿದರೆ, ಹಿಡಿದ ಎಳೆಯ 10 ಮತ್ತು 11ನೇ ಅಕ್ಷರಗಳ ನಡುವಿನ ಜಾಗಕ್ಕೆ ಸರಿಯಾಗಿ ಎದುರಿಗೇ ಕತ್ತರಿಸುತ್ತದೆ. ಕತ್ತರಿಸಿ ಸುಮ್ಮನಾಗುವುದೂ ಇಲ್ಲ, ಅದೇ ಎಳೆ ಹಿಡಿದು ಮುಂದಿನ ಸಂದೇಶಕ್ಕೆ ಹೋಗುತ್ತದೆ. ಇಷ್ಟು ಕರಾರುವಾಕ್ಕಾದ ಕೆಲಸವನ್ನು ಪಾಠ ಮಾಡುವಾಗಲೆಲ್ಲ ನನಗೆ ಹೊಸದಾಗಿಯೇ ಬೆರಗಾಗುತ್ತದೆ.

1990ರಲ್ಲಿ ಪೆಟೂನಿಯಾ ಹೂವಿನ ನೇರಳೆ ಬಣ್ಣ ಗಾಢವಾಗಲೆಂದು ಬಣ್ಣದ ಜೀನಿನ ಇನ್ನೊಂದು ಪ್ರತಿಯನ್ನು ಗಿಡಕ್ಕೆ ಸೇರಿಸಿದರು. ಹಲವು ಗಿಡಗಳು ಬಿಳಿ ಹೂ ಬಿಟ್ಟವು! ಕಾರಣ ಬಹುಕಾಲ ಬಗೆಹರಿಯಲಿಲ್ಲ. 1998ರಲ್ಲಿ ಆಂಡ್ರೂ ಫೈರ್ ಮತ್ತು ಕ್ರೇಗ್ ಮೆಲ್ಲೊ ಅವರು ದುಂಡುಹುಳುವಿನಲ್ಲಿ ಎರಡೆಳೆಯ ಆರ್‌ಎನ್‌ಎಯೇ ಮೌನಕ್ಕೆ ಮೂಲವೆಂದು ತೋರಿಸಿದರು. 2006ರಲ್ಲಿ ನೊಬೆಲ್ ಬಂತು.

ಗಿಡಗಳಿಗೆ ಇದು ವೈರಸ್ ವಿರುದ್ಧದ ರಕ್ಷಣೆ. ಹವಾಯಿಯ ಪರಂಗಿಗೆ ಉಂಗುರ ಚುಕ್ಕೆ ರೋಗದ ವೈರಸ್ಸಿನದೇ ಒಂದು ಜೀನ್ ಸೇರಿಸಿದ್ದಾರೆ; ಆ ವೈರಸ್ ಒಳಬಂದರೆ ಗಿಡ ಅದರ ಆರ್‌ಎನ್‌ಎಯನ್ನು ಕತ್ತರಿಸುತ್ತದೆ. ಹಾಗಾದರೆ ಆ ಬೀಜವನ್ನೇ ತಂದು ಮಂಡ್ಯದಲ್ಲಿ ಬಿತ್ತಬಾರದೇ ಎಂದು ರೈತರ ಮಕ್ಕಳು ಕೇಳುತ್ತಾರೆ. ಪರೀಕ್ಷೆಯಲ್ಲಿ ಆ ಗಿಡ ಬೇರೆ ದೇಶಗಳ ವೈರಸ್ ಬಗೆಗಳಿಗೆ ತುತ್ತಾಯಿತು. ಅಕ್ಷರಗಳು ಹೊಂದದಿದ್ದರೆ ಆರ್ಗೊನಾಟ್ ಕತ್ತರಿಸುವುದಿಲ್ಲ. ನಮ್ಮ ತೋಟಗಳ ವೈರಸ್ಸಿಗೆ ನಮ್ಮ ವೈರಸ್ಸಿನ ಅಕ್ಷರಗಳನ್ನೇ ಓದಿ ಗಿಡ ರೂಪಿಸಬೇಕು.