ಎಂಟನೇ ಸಾಲಿನಲ್ಲಿ ಮಗ, ಇಪ್ಪತ್ತೇಳರಲ್ಲಿ ಅಮ್ಮ

ವಿಮಾನದಲ್ಲಿ ಸೀಟಿಗಾಗಿ ಜಗಳವಾಡುವ ವಿಡಿಯೋಗಳು ನಮ್ಮ ಫ್ಯಾಮಿಲಿ ಗ್ರೂಪಿಗೆ ಆಗಾಗ ಬಂದು ಬೀಳುತ್ತವೆ. ಮಗುವನ್ನು ಎತ್ತಿಕೊಂಡ ತಾಯಿ ನಿಂತಿರುತ್ತಾಳೆ, ಕೂತವನು ಏಳುವುದಿಲ್ಲ, ಮೂರನೆಯವರು ಮೊಬೈಲ್ ಹಿಡಿದಿರುತ್ತಾರೆ. ನೋಡಿದವರಲ್ಲಿ ಕೆಲವರು ‘ಅವನಿಗೆ ಮನುಷ್ಯತ್ವವೇ ಇಲ್ಲ’ ಅನ್ನುತ್ತಾರೆ, ಇನ್ನು ಕೆಲವರು ‘ದುಡ್ಡು ಕೊಟ್ಟು ಸೀಟು ತಗೊಳ್ಳಲಿಕ್ಕೆ ಇವಳಿಗೇನು ಕಷ್ಟ’ ಅನ್ನುತ್ತಾರೆ. ಎರಡು ಮಾತು ಕೇಳಿದರೂ ನನಗೆ ಸಿಟ್ಟು ಬರುತ್ತದೆ. ಅವರಿಬ್ಬರನ್ನು ಎದುರುಬದುರು ನಿಲ್ಲಿಸಿದ ವಿಮಾನ ಸಂಸ್ಥೆ ಆ ವಿಡಿಯೋದಲ್ಲಿ ಎಲ್ಲಿಯೂ ಕಾಣುವುದಿಲ್ಲ.

ನಾವು ಇರುವುದು ಶಾರ್ಜಾದಲ್ಲಿ. ಊರು ಉಡುಪಿಯ ಹತ್ತಿರ. ಊರಿಗೆ ಹೋಗುವುದೆಂದರೆ ನಮಗೆ ಕಡಿಮೆ ದರದ ವಿಮಾನವೇ. ಶಾಲೆಗೆ ರಜೆ ಸಿಕ್ಕಿದ ದಿನದಿಂದ ದುಬೈ–ಮಂಗಳೂರು ಟಿಕೆಟ್ ಏರಿ ಕೂತಿರುತ್ತದೆ. ಗಂಡನಿಗೆ ರಜೆ ಸಿಗುವುದಿಲ್ಲ, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಹೊರಡುತ್ತಾಳೆ. ಜತೆಗೆ ವಿಸಿಟ್ ವೀಸಾದಲ್ಲಿ ಬಂದ ಅತ್ತೆಯೋ ಅಮ್ಮನೋ ಇರುತ್ತಾರೆ. ಈ ಮಾರ್ಗದಲ್ಲಿ ನಾಲ್ಕು ಸಾಲಿಗೊಂದು ಇಂಥ ಸಂಸಾರ ಕಾಣಿಸುತ್ತದೆ.

ಟಿಕೆಟ್ ಮಾಡುವಾಗಲೇ ಸೀಟಿನ ನಕ್ಷೆ ಬರುತ್ತದೆ. ಮುಂದಿನ ಸಾಲುಗಳಿಗೆ ಒಂದು ಬಣ್ಣ, ಕಾಲು ಚಾಚಬಹುದಾದ ಸಾಲುಗಳಿಗೆ ಇನ್ನೊಂದು, ಉಳಿದವಕ್ಕೆ ಮತ್ತೊಂದು. ಎಲ್ಲದಕ್ಕೂ ಒಂದೊಂದು ರೇಟು. ಯಾರೂ ಬೇಕೆಂದು ಕೇಳದ ಮಧ್ಯದ ಸೀಟಿಗೂ ರೇಟು ಉಂಟು. ‘ಬೇಡ’ ಅಂದರೆ ಟಿಕೆಟ್ ಸಿಗುತ್ತದೆ, ಸೀಟು ಮಾತ್ರ ಅವರು ಕೊಟ್ಟಲ್ಲಿ. ಒಂದು ಸಲ ಊರಿಗೆ ಹೊರಟಾಗ ನಾವು ಮೂವರು: ನಾನು, ಎಂಟು ವರ್ಷದ ಮಗ, ಎಪ್ಪತ್ತೊಂದರ ಅಮ್ಮ. ಮೂವರೂ ಒಂದೇ ಪಿಎನ್ಆರ್, ಅಂದರೆ ಒಂದೇ ಬುಕಿಂಗ್ ನಂಬರು. ಅಕ್ಕಪಕ್ಕ ಕೂರಲಿಕ್ಕೆ ಬೇರೆ ದುಡ್ಡು ಕೊಡಬಾರದು ಎಂದು ನಾನು ಯೋಚಿಸಿಯೇ ತೀರ್ಮಾನಿಸಿದ್ದೆ. ಇಂದಿಗೂ ಆ ತೀರ್ಮಾನವೇ ಸರಿ ಅನ್ನುತ್ತೇನೆ. ಮುಂದಿನ ಸಾಲು ಬೇಕು, ಕಿಟಕಿ ಬೇಕು ಅನ್ನುವವರು ಕೊಡಲಿ. ಅಮ್ಮನ ಪಕ್ಕ ಇರಬೇಕಾದದ್ದು ಅಂಥ ಆಸೆಯಲ್ಲ.

ಕೌಂಟರಿನಲ್ಲಿದ್ದ ಹುಡುಗಿ ಬೋರ್ಡಿಂಗ್ ಪಾಸ್ ಕೊಟ್ಟಳು. ನನಗೂ ಮಗನಿಗೂ 8ಡಿ, 8ಇ. ಅಮ್ಮನಿಗೆ 27ಬಿ. ಮಗು ಚಿಕ್ಕದಾದ್ದರಿಂದ ನಿಯಮದ ಪ್ರಕಾರ ನಿಮ್ಮಿಬ್ಬರನ್ನು ಒಟ್ಟಿಗೆ ಹಾಕಿದ್ದೇವೆ, ದೊಡ್ಡವರಿಗೆ ಆ ನಿಯಮ ಇಲ್ಲ ಎಂದಳು. ಅವಳು ಹೇಳಿದ್ದು ಸುಳ್ಳಲ್ಲ. 2024ರ ಏಪ್ರಿಲ್‌ನಲ್ಲಿ ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಭಾರತದ ವಿಮಾನ ಸಂಸ್ಥೆಗಳಿಗೆ ಒಂದು ಸೂಚನೆ ಕೊಟ್ಟಿತು. ಒಂದೇ ಪಿಎನ್ಆರ್‌ನಲ್ಲಿ ಹೋಗುವ 12 ವರ್ಷದವರೆಗಿನ ಮಕ್ಕಳಿಗೆ ತಂದೆ ತಾಯಿ ಅಥವಾ ಪೋಷಕರಲ್ಲಿ ಒಬ್ಬರ ಪಕ್ಕವಾದರೂ ಸೀಟು ಕೊಡಬೇಕು, ಕೊಟ್ಟದ್ದಕ್ಕೆ ದಾಖಲೆ ಇಡಬೇಕು ಎಂದು. ಮಕ್ಕಳನ್ನು ಬೇರೆ ಕೂರಿಸಿದ ದೂರುಗಳು ಬಂದ ಮೇಲೆ ಹೊರಟ ಸೂಚನೆ ಅದು. ತುಂಬ ಒಳ್ಳೆಯ ಕೆಲಸ. ಆದರೆ ಅದು ಮಾತಾಡುವುದು ಮಕ್ಕಳ ಬಗ್ಗೆ ಮಾತ್ರ.

ನನ್ನ ಮಗ ಕೈಗೂಸಾಗಿದ್ದಾಗಿನಿಂದ ವಿಮಾನದಲ್ಲಿ ಓಡಾಡಿದವನು. ಬೆಲ್ಟ್ ಅವನೇ ಹಾಕಿಕೊಳ್ಳುತ್ತಾನೆ, ನೀರು ಬೇಕಾದರೆ ಇಂಗ್ಲಿಷಿನಲ್ಲಿ ಕೇಳುತ್ತಾನೆ. ಅಮ್ಮನಿಗೆ ಎಡಗಿವಿ ಕೇಳುವುದಿಲ್ಲ. ತುಳು, ಕನ್ನಡ ಬಿಟ್ಟರೆ ಬೇರೆ ಭಾಷೆ ಬಾರದು. ಸಕ್ಕರೆ ಕಾಯಿಲೆ ಇರುವುದರಿಂದ ಆಗಾಗ ಎದ್ದು ಹೋಗಬೇಕು. ಬರುವಾಗ ನಾನೇ ಕರೆದುಕೊಂಡು ಬಂದಿದ್ದೆ, ಬಾತ್‌ರೂಮಿನ ಮಡಚುವ ಬಾಗಿಲನ್ನೂ ನಾನೇ ತೆರೆದು ಕೊಟ್ಟಿದ್ದೆ.

“ಅಲ್ಲಿ ಒಬ್ಬಳೇ ಎಂತ ಮಾಡುದು ನಾನು? ಬೆಲ್ಟು ಬಿಚ್ಚಲಿಕ್ಕೇ ಗೊತ್ತಾಗುದಿಲ್ಲ ಮಾರಾಯ್ತಿ,” ಅಂದರು ಅಮ್ಮ, ಪಾಸನ್ನು ಕಣ್ಣಿನ ಹತ್ತಿರ ಹಿಡಿದುಕೊಂಡು.

ಬೇಕಾದರೆ ಮಗುವನ್ನು 27ಕ್ಕೆ ಹಾಕಿ ಅಮ್ಮನನ್ನು 8ಕ್ಕೆ ತರಬಹುದೇ ಎಂದು ಕೇಳಿದೆ. ಮಗುವನ್ನು ಪೋಷಕರಿಂದ ದೂರ ಹಾಕಲು ಸಿಸ್ಟಮ್ ಬಿಡುವುದಿಲ್ಲ ಎಂದಳು. ವಿಮಾನ ತುಂಬಿದೆ, ಒಳಗೆ ಹೋಗಿ ಯಾರನ್ನಾದರೂ ಕೇಳಿಕೊಳ್ಳಿ ಎಂದಳು. ಈ ‘ಕೇಳಿಕೊಳ್ಳಿ’ಯೇ ನನ್ನ ತಕರಾರಿನ ತಿರುಳು. ಸಂಸ್ಥೆ ಮಾಡಬೇಕಾದ ಕೆಲಸವನ್ನು ರಾತ್ರಿ ಎರಡು ಗಂಟೆಗೆ, ನಿದ್ದೆಗೆಟ್ಟ ಅಪರಿಚಿತರ ಹೆಗಲಿಗೆ ದಾಟಿಸುವ ಮಾತು ಅದು.

ಒಳಗೆ ಹೋದೆವು. 737 ವಿಮಾನ, ಆ ಕಡೆ ಮೂರು ಈ ಕಡೆ ಮೂರು. ನಮ್ಮ ಸಾಲಿನ ಕಿಟಕಿಯಲ್ಲಿ, 8ಎಫ್‌ನಲ್ಲಿ, ಇಪ್ಪತ್ತೈದರ ಆಸುಪಾಸಿನ ಒಬ್ಬ ಹುಡುಗ. ಅಮ್ಮನ ವಿಷಯ ಹೇಳಿ, ನೀವು ಹಿಂದೆ ಹೋಗಲಿಕ್ಕಾದೀತಾ ಎಂದು ಕೇಳಿದೆ. ಅವನು ಒಂದು ಕ್ಷಣ ಸುಮ್ಮನಿದ್ದ.

“ಅಕ್ಕಾ, ಬೇಜಾರು ಮಾಡ್ಬೇಡಿ. ಎರಡು ವರ್ಷ ಆಯ್ತು ಊರಿಗೆ ಹೋಗದೆ. ಇಳಿಯುವಾಗ ಊರು ನೋಡ್ಬೇಕು ಅಂತಲೇ ದುಡ್ಡು ಕೊಟ್ಟು ಕಿಟಕಿ ತಗೊಂಡದ್ದು.”

ಅವನು ಹೇಳಿದ್ದು ನೂರಕ್ಕೆ ನೂರು ನ್ಯಾಯ. ನಾನು ಕೇಳಿದ್ದು ಮುಂದಿನ ಸಾಲಿನ ಕಿಟಕಿ ಬಿಟ್ಟು ಬಾಲದ ಹತ್ತಿರದ ಮಧ್ಯದ ಸೀಟಿಗೆ ಹೋಗು ಎಂದು. ಎರಡು ವರ್ಷ ಬಿಸಿಲಲ್ಲಿ ದುಡಿದು ಉಳಿಸಿದ ಹಣದಲ್ಲಿ ಅವನು ಕೊಂಡದ್ದು ಆ ಕಿಟಕಿ. ಅವನ ‘ಇಲ್ಲ’ವನ್ನು ಯಾರಾದರೂ ಆಗ ವಿಡಿಯೋ ಮಾಡಿದ್ದರೆ, ಊರಿಗೆ ತಲುಪುವಷ್ಟರಲ್ಲಿ ಅವನು ಎಲ್ಲರ ಮೊಬೈಲಿನಲ್ಲೂ ಕಲ್ಲೆದೆಯವನಾಗಿ ಬಿಡುತ್ತಿದ್ದ. ಅದನ್ನು ನೆನೆದರೇ ನನಗೆ ಸಂಕಟವಾಗುತ್ತದೆ. ದಯವಿಟ್ಟು ಯಾರೂ ಹಾಗೆ ಮೊಬೈಲ್ ಎತ್ತಬೇಡಿ. ಮಂಡಿನೋವಿಗೆಂದು ಐಲ್ ಸೀಟು, ಅಂದರೆ ನಡೆದಾಡುವ ದಾರಿಯ ಬದಿಯ ಸೀಟು ಕೊಂಡವರು, ಗಾಬರಿಯಾಗುತ್ತದೆಂದು ಮುಂದೆ ಕೂತವರು ತಮ್ಮ ಕಾಯಿಲೆಯನ್ನು ಇಡೀ ವಿಮಾನಕ್ಕೆ ವಿವರಿಸಬೇಕಾಗಿಲ್ಲ.

ಹಿಂದಿನ ಸಾಲಿಗೆ ಹೋದೆ. 27ಸಿಯಲ್ಲಿ ಉಳ್ಳಾಲದ ಕಡೆಯ ಒಬ್ಬರು ಹಿರಿಯ ಬ್ಯಾರಿ ಕಾಕ ಕೂತಿದ್ದರು. ಅವರ ಮುಂದೆ ಇಟ್ಟದ್ದು ಬೇರೆ ಲೆಕ್ಕ: ಹಿಂದಿನ ಐಲ್ ಸೀಟಿಗೆ ಬದಲು ಮುಂದಿನ ಐಲ್ ಸೀಟು, ನನ್ನ 8ಡಿ. ಪಕ್ಕದಲ್ಲಿ ನನ್ನ ಮಗ ಇರುತ್ತಾನೆ, ತೊಂದರೆ ಕೊಡುವವನಲ್ಲ ಎಂದೆ. ಕಾಕ ಮಾತು ಮುಗಿಯುವ ಮೊದಲೇ ಎದ್ದರು. “ನೀವು ತಾಯಿ ಒಟ್ಟಿಗೆ ಕೂತ್ಕೊಳ್ಳಿ. ಮಗುವನ್ನು ನಾನು ನೋಡ್ತೇನೆ.” ಗಗನಸಖಿ ಮಗನನ್ನು ಎರಡು ಸಲ ಕೇಳಿದಳು, ಒಬ್ಬನೇ ಕೂರ್ತೀಯಾ ಎಂದು. ಅವನು ಹೂಂ ಅಂದ. ನನ್ನನ್ನೂ ಕೇಳಿ ಖಾತ್ರಿ ಮಾಡಿಕೊಂಡಳು.

ಹೀಗೆ, ಮಗುವನ್ನು ಕಾಪಾಡಲಿಕ್ಕೆ ಬರೆದ ನಿಯಮವನ್ನು ಮಗುವಿನ ತಾಯಿಯೇ ಬದಿಗಿಟ್ಟು, ಅಮ್ಮನ ಪಕ್ಕ ಹೋಗಬೇಕಾಯಿತು. ಮೂರೂವರೆ ಗಂಟೆ ನನ್ನ ಕಣ್ಣು ಹತ್ತೊಂಬತ್ತು ಸಾಲಿನಾಚೆಗೇ ಇತ್ತು.

ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜಪೆಗೆ ಇಳಿಯುವಾಗ ಅಮ್ಮ ನನ್ನ ಕೈ ಬಿಗಿಯಾಗಿ ಹಿಡಿಯುತ್ತಾರೆ. ಕರಾವಳಿಯವರಿಗೆ ಯಾಕೆಂದು ಹೇಳಬೇಕಾಗಿಲ್ಲ. 2010ರ ಮೇ 22ರ ಬೆಳಗ್ಗೆ ಇದೇ ದುಬೈಯಿಂದ ಬಂದ ವಿಮಾನ ರನ್‌ವೇ ದಾಟಿ ಕಮರಿಗೆ ಬಿದ್ದು 158 ಜನ ಹೋದರು, ಉಳಿದವರು ಎಂಟೇ ಮಂದಿ. ನಮ್ಮಲ್ಲಿ ಆ ದಿನ ಟೀವಿ ಮುಂದೆ ಕೂರದ ಮನೆ ಇಲ್ಲ. ಆ ಭಯವನ್ನು ಇಟ್ಟುಕೊಂಡು ಒಬ್ಬ ಮುದುಕಿ ಗುರುತಿಲ್ಲದವರ ನಡುವೆ ಯಾಕೆ ಕೂರಬೇಕು? ಅದು ಬರೀ ಭಾವನೆಯ ಮಾತೂ ಅಲ್ಲ. ಹೊಸ ಮಾದರಿಯ ವಿಮಾನಕ್ಕೆ ಒಪ್ಪಿಗೆ ಸಿಗಬೇಕಾದರೆ, ಅರ್ಧದಷ್ಟು ತುರ್ತು ಬಾಗಿಲುಗಳಿಂದಲೇ 90 ಸೆಕೆಂಡಿನೊಳಗೆ ಎಲ್ಲರೂ ಹೊರಬರಬಹುದೆಂದು ತೋರಿಸಬೇಕು. ನಿಜವಾಗಿ ಅಂಥದ್ದಾದರೆ ನಾನು ಎತ್ತ ಓಡುತ್ತಿದ್ದೆ? ಎಲ್ಲರೂ ಮುಂದೆ ನುಗ್ಗುವಾಗ ನಾನು ಒಂದು ಸಾಲಿನಿಂದ ಇನ್ನೊಂದಕ್ಕೆ ಎದುರು ನುಗ್ಗುತ್ತಿದ್ದೆ. ಯಾವ ತಾಯಿಯಾದರೂ, ಯಾವ ಮಗಳಾದರೂ ಅದನ್ನೇ ಮಾಡುವುದು. ಆ ದಾರಿಯಲ್ಲಿ ನಾನು ತಡೆಯುವುದು ಬೇರೆಯವರನ್ನು.

ಸಂಸ್ಥೆಗಳ ವಾದ ನನಗೆ ಗೊತ್ತು. ಟಿಕೆಟ್ ಅಗ್ಗ ಇರಬೇಕಾದರೆ ಬೇರೆಲ್ಲದಕ್ಕೂ ಬೇರೆ ಬೇರೆ ಬೆಲೆ ಕಟ್ಟಬೇಕು ಎನ್ನುತ್ತಾರೆ. ಸರಕಾರವೂ ಅದಕ್ಕೆ ಅವಕಾಶ ಕೊಟ್ಟಿದೆ. ಇಷ್ಟದ ಸೀಟು, ಊಟ ತಿಂಡಿ, ಬ್ಯಾಗೇಜು, ಸಂಗೀತದ ವಾದ್ಯ ಒಯ್ಯುವುದು ಇವಕ್ಕೆಲ್ಲ ಪ್ರತ್ಯೇಕ ದುಡ್ಡು ತಗೊಳ್ಳಬಹುದು, ಆದರೆ ಬೇಕೆಂದು ಪ್ರಯಾಣಿಕ ಆರಿಸಿಕೊಂಡರೆ ಮಾತ್ರ. ಕಡಿಮೆ ದರದ ವಿಮಾನದ ಮೇಲೆ ನನಗೆ ದ್ವೇಷವಿಲ್ಲ, ಕೃತಜ್ಞತೆ ಉಂಟು. 2003ರಲ್ಲಿ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಏರ್ ಡೆಕ್ಕನ್ ಶುರು ಮಾಡಿದ ಮೇಲೆ ತಾನೇ ನಮ್ಮಂಥವರು ವಿಮಾನ ಹತ್ತುವ ಧೈರ್ಯ ಮಾಡಿದ್ದು! ಆಗ ಪಾಸಿನಲ್ಲಿ ಸೀಟಿನ ನಂಬರೇ ಇರಲಿಲ್ಲ, ಮೊದಲು ಹೋದವರಿಗೆ ಮೊದಲು. ಬಸ್ಸಿನ ಕಿಟಕಿಯಿಂದ ಬೈರಾಸು ಹಾಕಿ ಸೀಟು ಹಿಡಿಯುವ ಹಾಗೆ ಜನ ಓಡುತ್ತಿದ್ದರು. ಅಲ್ಲಿ ನೂಕುನುಗ್ಗಲಿತ್ತು, ನಿಜ. ಅಮ್ಮನ ಪಕ್ಕ ಕೂರಲಿಕ್ಕೆ ದರಪಟ್ಟಿ ಇರಲಿಲ್ಲ.

ಒಟ್ಟಿಗೆ ಕೂರಿಸುವುದು ಕಷ್ಟವೂ ಅಲ್ಲ. ಟಿಕೆಟ್ ಮಾಡುವಾಗ ನಾನು ಅಮ್ಮನ ಹುಟ್ಟಿದ ದಿನಾಂಕ ತುಂಬಿದ್ದೇನೆ. ನಾವು ಮೂವರು ಒಂದೇ ಬುಕಿಂಗ್ ಎಂಬುದು ಅವರ ಕಂಪ್ಯೂಟರಿಗೆ ಗೊತ್ತು. ರೈಲಿನವರು ಅಷ್ಟನ್ನೇ ನೋಡಿ ಹಿರಿಯರಿಗೆ, 45 ದಾಟಿದ ಹೆಂಗಸರಿಗೆ, ಖಾಲಿ ಇದ್ದರೆ ಕೇಳದೆಯೇ ಕೆಳಗಿನ ಬರ್ತ್ ಕೊಡುತ್ತಾರೆ, ಅದಕ್ಕೆ ಬೇರೆ ಕಾಸು ತಗೊಳ್ಳುವುದಿಲ್ಲ. 2024ರಲ್ಲಿ ಇಂಡಿಗೋ, ಯಾವ ಸೀಟುಗಳನ್ನು ಹೆಂಗಸರು ಕಾದಿರಿಸಿದ್ದಾರೆ ಎಂಬುದು ವೆಬ್ ಚೆಕ್‌ಇನ್‌ನಲ್ಲಿ ಹೆಣ್ಣು ಪ್ರಯಾಣಿಕರಿಗೆ ಕಾಣುವ ವ್ಯವಸ್ಥೆ ತಂದಿತು. ಒಬ್ಬಳೇ ಓಡಾಡುವ ನನ್ನ ತಂಗಿಗೆ ಅದರಿಂದ ಎಷ್ಟೋ ನೆಮ್ಮದಿ. ಅಷ್ಟು ಸೂಕ್ಷ್ಮ ಮಾಡಬಲ್ಲ ತಂತ್ರಾಂಶಕ್ಕೆ, ಎಪ್ಪತ್ತು ದಾಟಿದವರನ್ನು ಜತೆಗಾರರ ಪಕ್ಕ ಹಾಕಲಿಕ್ಕೆ ಬರುವುದಿಲ್ಲ ಎಂದರೆ ನಾನು ನಂಬುವುದಿಲ್ಲ.

ಊರಿಗೆ ಬಂದ ಮೇಲೆ ಕೇಂದ್ರ ವಿಮಾನಯಾನ ಸಚಿವಾಲಯದ ದೂರಿನ ಜಾಲತಾಣ ಏರ್‌ಸೇವಾದಲ್ಲಿ ದೂರು ಕೊಟ್ಟೆ. ಲಭ್ಯತೆಗೆ ಅನುಗುಣವಾಗಿ ಸೀಟು ನೀಡಲಾಗಿದೆ, ಇಷ್ಟದ ಸೀಟನ್ನು ಶುಲ್ಕ ಕೊಟ್ಟು ಮೊದಲೇ ಆರಿಸಿಕೊಳ್ಳಬಹುದಿತ್ತು ಎಂದು ಸಂಸ್ಥೆಯ ಉತ್ತರ ಬಂತು. ಅದಕ್ಕೆ ನಾನು ಮತ್ತೆ ಬರೆದಿದ್ದೇನೆ. 12 ವರ್ಷದವರೆಗಿನ ಮಕ್ಕಳಿಗೆ ಕೊಟ್ಟ ರಕ್ಷಣೆಯನ್ನು ಎಪ್ಪತ್ತು ದಾಟಿದವರಿಗೂ, ಒಬ್ಬರೇ ಇರಲಾಗದ ಕಾಯಿಲೆಯವರಿಗೂ ಕೊಡಿ ಎಂದು ಡಿಜಿಸಿಎಯನ್ನೇ ಕೇಳಿದ್ದೇನೆ. ಮರೆವಿನ ಕಾಯಿಲೆಯ ಅಪ್ಪನನ್ನು, ಮಾತು ಬಾರದ ಹದಿನಾಲ್ಕರ ಮಗನನ್ನು ಕರೆದುಕೊಂಡು ಓಡಾಡುವವರು ಈ ಮಾರ್ಗದಲ್ಲೇ ನನಗೆ ಗೊತ್ತಿದ್ದಾರೆ. ಅವರಿಗೆ ನನಗಿಂತ ಹೆಚ್ಚು ಅಗತ್ಯ.

ರಜೆಯಲ್ಲಿ ಹೊರಡುವವರಿಗೆ ಇಷ್ಟು ಹೇಳುತ್ತೇನೆ. ಎಲ್ಲರದ್ದೂ ಒಂದೇ ಪಿಎನ್ಆರ್‌ನಲ್ಲಿರಲಿ. ಬೇರೆ ಬೇರೆ ಮಾಡಿದರೆ ಮಕ್ಕಳ ನಿಯಮವೂ ಕೈಗೆ ಸಿಗುವುದಿಲ್ಲ. 12ರವರೆಗಿನ ಮಕ್ಕಳಿದ್ದರೆ ಭಯಕ್ಕೆ ಬಿದ್ದು ಸೀಟು ಕೊಳ್ಳಬೇಡಿ, ಕೌಂಟರಿನಲ್ಲಿ 2024ರ ಸೂಚನೆ ಎತ್ತಿ ಹೇಳಿ. ಒಳಗೆ ಯಾರನ್ನಾದರೂ ಕೇಳುವುದಿದ್ದರೆ ಅವರ ಸೀಟಿನಲ್ಲಿ ಮೊದಲೇ ಕೂತುಕೊಂಡು ಕೇಳಬೇಡಿ, ನಿಂತು ಕೇಳಿ. ಅವರದ್ದಕ್ಕಿಂತ ಕೀಳಾದ ಸೀಟನ್ನು ಮುಂದಿಡಬೇಡಿ. ಇಲ್ಲ ಅಂದರೆ ಅಲ್ಲಿಗೆ ಬಿಟ್ಟು ಸಿಬ್ಬಂದಿಯನ್ನು ಕರೆಯಿರಿ. ನಿಮ್ಮವರನ್ನು ಬೇರೆ ಮಾಡಿದರೆ ಬೋರ್ಡಿಂಗ್ ಪಾಸುಗಳ ಫೋಟೋ ತೆಗೆದಿಟ್ಟುಕೊಂಡು ಏರ್‌ಸೇವಾದಲ್ಲಿ ಬರೆಯಿರಿ. ಬರೆಯುವಾಗ ಹಿರಿಯರ ವಯಸ್ಸು, ಅವರ ಸೀಟು, ನಿಮ್ಮ ಸೀಟು ಮೂರನ್ನೂ ಮೊದಲ ಸಾಲಿನಲ್ಲೇ ಹಾಕಿ.