ದಿನಕ್ಕೆ ಒಟ್ಟು ಎಷ್ಟು ಮಾತ್ರೆ?

ಅಮೆರಿಕದ ಒಂದು ಔಷಧಿ ಡಬ್ಬಿಯ ಚೀಟಿ ಇವತ್ತು ಕಣ್ಣಿಗೆ ಬಿತ್ತು. ‘ಎರಡು ಮಾತ್ರೆ, ದಿನಕ್ಕೆ ಎರಡು ಸಲ.’ ಅಷ್ಟೇ.

ಇದರಲ್ಲಿ ತಪ್ಪೋಕೆ ಏನಿದೆ ಅನ್ಸುತ್ತಲ್ವಾ?

2006ರಲ್ಲಿ ಪ್ರಕಟವಾದ ಒಂದು ಅಧ್ಯಯನ. ಅಲ್ಲಿನ ಮೂರು ರಾಜ್ಯಗಳ ಕ್ಲಿನಿಕ್‌ಗಳಿಗೆ ಬಂದ 395 ರೋಗಿಗಳ ಕೈಗೆ ಇಂಥ ಚೀಟಿಗಳನ್ನೇ ಕೊಟ್ಟು ನೋಡಿದ್ರು. ಓದು ತೀರಾ ಕಡಿಮೆ ಇದ್ದವರಲ್ಲೂ ನೂರಕ್ಕೆ 71 ಜನ ಈ ಸಾಲನ್ನ ಸರಿಯಾಗಿಯೇ ಓದಿ ಹೇಳಿದ್ರು. ‘ಸರಿ, ದಿನಕ್ಕೆ ಬೇಕಾದಷ್ಟು ಮಾತ್ರೆ ಎಣಿಸಿ ತೋರಿಸಿ’ ಅಂದಾಗ ನಾಲ್ಕು ಎಣಿಸಿದವರು ಸುಮಾರು 35 ಜನ ಮಾತ್ರ.

ಅದು ಬಿಪಿ ಮಾತ್ರೆ ಅಂದ್ಕೊಳ್ಳಿ. ನಾಲ್ಕರ ಬದಲು ಎರಡೇ ನುಂಗಿದ್ರೆ ಬಿಪಿ ಇಳಿಯಲ್ಲ. ಔಷಧಿ ಸಾಲ್ತಿಲ್ಲ ಅಂತ ಡಾಕ್ಟರ್ ಡೋಸ್ ಏರಿಸ್ತಾರೆ. ಮುಂದೆ ಯಾವತ್ತೋ ಮನೆಯವರು ಲೆಕ್ಕ ಹಾಕಿ ಸರಿಯಾಗಿ ಕೊಟ್ರೆ, ಬಿಪಿ ಕುಸಿದು ತಲೆಸುತ್ತಿ ಬೀಳೋದು.

ಮುಂದುವರಿದ ದೇಶ, ಹೆಚ್ಚಿನವರು ಶಾಲೆಗೆ ಹೋದವರೇ. ಅದಕ್ಕೇ ‘ಓದೋಕೆ ಬರುತ್ತಾ?’ ಅಂತ ಯಾರೂ ಕೇಳಲ್ಲ, ಓದೋಕೆ ಕಷ್ಟ ಇರೋರೂ ಬಾಯಿ ಬಿಡಲ್ಲ. ‘ಕನ್ನಡಕ ಮರೆತು ಬಂದೆ’ ಅಂತಾರೆ. ಫಾರಂ ಕೊಟ್ರೆ ಮನೇಲಿ ತುಂಬಿಸ್ತೀನಿ ಅಂತಾರೆ. ನಾಚಿಕೆ ಅಷ್ಟು ಗಟ್ಟಿ. ಆ ಸಂಕಟ ನೆನೆದ್ರೆ ಕರುಳು ಚುರುಕ್ ಅನ್ನುತ್ತೆ.

ಇದನ್ನ ಸರಿಪಡಿಸೋಕೆ ದೊಡ್ಡ ಖರ್ಚಿಲ್ಲ. ‘ಬೆಳಿಗ್ಗೆ 2 ಮಾತ್ರೆ, ಸಂಜೆ 2 ಮಾತ್ರೆ’ ಅಂತ ಬಿಡಿಸಿ ಅಚ್ಚು ಹಾಕ್ಬೇಕು, ಅಂಗಡಿ ಹೆಸರಿಗಿಂತ ದಪ್ಪ ಅಕ್ಷರದಲ್ಲಿ. ‘ಅರ್ಥ ಆಯ್ತಾ?’ ಅಂತ ಕೇಳ್ಲೇಬಾರದು, ಎಲ್ಲರೂ ಹೂಂ ಅಂತಾರೆ. ಡಬ್ಬಿ ಕೈಗೆ ಕೊಟ್ಟು, ‘ನಾಳೆ ಹೇಗೆ ತಗೋತೀರಿ, ತೋರಿಸಿ’ ಅನ್ಬೇಕು. ಎಣಿಕೆ ತಪ್ಪಿದ್ರೆ ಅಲ್ಲೇ ಗೊತ್ತಾಗುತ್ತೆ.