ತಪ್ಪಿಗೆ ಬೆಲೆ ಕಟ್ಟುವ ಅಮ್ಮ

ಹೋದ ವಾರ ಮಗನ ಕ್ಲಾಸಿನಲ್ಲಿ ಅಪ್ಪ ಅಮ್ಮ ಏನು ಕೆಲಸ ಮಾಡುತ್ತಾರೆ ಅಂತ ಎದ್ದು ನಿಂತು ಹೇಳಬೇಕಿತ್ತಂತೆ. ಒಬ್ಬಳ ಅಪ್ಪ ಬೆಂಕಿ ಆರಿಸುವವರು. ಇನ್ನೊಬ್ಬನ ಅಮ್ಮನದು ಬೇಕರಿ. ನಮ್ಮವನ ಸರದಿ ಬಂದಾಗ, "ನಮ್ಮಮ್ಮ ತಪ್ಪಿಗೆ ಬೆಲೆ ಕಟ್ತಾರೆ" ಎಂದನಂತೆ. ಸಂಜೆ ಕರೆತರಲು ಹೋದಾಗ ಟೀಚರ್ ಇದನ್ನು ಹೇಳಿ ನಕ್ಕರು. ನಾನೂ ನಕ್ಕೆ. ಬಸ್ಸಿನಲ್ಲಿ ಕೂತ ಮೇಲೆ ಸ್ವಲ್ಪ ಚುಚ್ಚಿತು. ಹನ್ನೆರಡು ವರ್ಷದ ಕೆಲಸವನ್ನು ಹುಡುಗ ಮೂರು ಮಾತಿನಲ್ಲಿ ಮುಗಿಸಿಬಿಟ್ಟಿದ್ದ. ಅವನು ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ.

ಮನೆಗೆ ಬಂದವನು ಸುಮ್ಮನಿರಲಿಲ್ಲ. ಒಂದು ಹಾಳೆಯಲ್ಲಿ ಬೆಲೆಪಟ್ಟಿ ಬರೆದು ಫ್ರಿಜ್ಜಿಗೆ ಅಂಟಿಸಿದ. ಹಾಲು ಚೆಲ್ಲಿದರೆ 1 ಯೂರೋ. ಒಂಟಿ ಕಾಲುಚೀಲ ಕಳೆದರೆ 2. ಅಪ್ಪ ಬೀಗದ ಕೈ ಮರೆತರೆ 5. (ಇದೊಂದರಲ್ಲೇ ನಾನು ಶ್ರೀಮಂತಳಾಗಬಹುದು.) ಕೊನೆಯ ಸಾಲು: ತಾತನ ಸೀದ ಬೆಲ್ಲ. ಅದರ ಮುಂದೆ ಬೆಲೆ ಇಲ್ಲ, ದೊಡ್ಡದೊಂದು ಪ್ರಶ್ನೆ ಗುರುತು.

"ಅಮ್ಮ, ಇದಕ್ಕೆ ಎಷ್ಟು? ನಿಂಗೆ ಗೊತ್ತಿರುತ್ತಲ್ವಾ?"

ಗೊತ್ತಿರಬೇಕಿತ್ತು. ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರದ ಒಂದು ಫ್ಯಾಕ್ಟರಿಯಲ್ಲಿ ನನ್ನ ಕೆಲಸವೇ ಅದು. ಗುಣಮಟ್ಟಕ್ಕೆ ಎಷ್ಟು ಖರ್ಚಾಯಿತು ಅಂತ ಲೆಕ್ಕ ತೆಗೆಯೋದು. ಅಮೆರಿಕದ ಆರ್ಮಂಡ್ ಫೀಗೆನ್‌ಬಾಮ್ ಎಂಬವರು 1956ರಲ್ಲೇ ಈ ಖರ್ಚನ್ನು ಮೂರು ಗೂಡೆಗೆ ಹಂಚಿ ತೋರಿಸಿದರು. ತಪ್ಪಾಗದಂತೆ ಮೊದಲೇ ಮಾಡುವ ಖರ್ಚು, ಸರಿ ಇದೆಯಾ ಅಂತ ನೋಡುವ ಖರ್ಚು, ತಪ್ಪಾದ ಮೇಲೆ ತೆರುವ ಖರ್ಚು. ಮೂರನೆಯದನ್ನು ಆಮೇಲೆ ಎರಡು ಮಾಡಿಕೊಂಡರು. ಗೇಟಿನ ಒಳಗೆ ಸಿಕ್ಕಿಬಿದ್ದ ತಪ್ಪು ಬೇರೆ, ಗಿರಾಕಿಯ ಕೈ ಸೇರಿದ ತಪ್ಪು ಬೇರೆ. ನಾಲ್ಕನೇ ಗೂಡೆಗೆ ತಳವೇ ಇಲ್ಲ. ಅದನ್ನು ನಾನು ಓದಿ ತಿಳಿದದ್ದಲ್ಲ.

ಇಲ್ಲಿ ಕೆಟ್ಟ ಮಾಲಿಗೆ 'ಔಸ್‌ಶುಸ್' ಅಂತಾರೆ. ಕಮಿಟಿಗೂ ಜರ್ಮನ್ನಿನಲ್ಲಿ ಅದೇ ಪದ. ಸೇರಿದ ಮೊದಲ ವಾರ, ಬೆಳಗ್ಗೆ ಏಳಕ್ಕೆ ಔಸ್‌ಶುಸ್ ನೋಡೋಕೆ ಬಾ ಅಂದರು. ಯಾವುದೋ ಕಮಿಟಿ ಮೀಟಿಂಗ್ ಅಂದುಕೊಂಡು ಒಳ್ಳೆಯ ಬಟ್ಟೆ ಹಾಕಿಕೊಂಡು ಹೋಗಿ ಗುಜರಿ ತೊಟ್ಟಿಯ ಮುಂದೆ ನಿಂತಿದ್ದೆ.

ಇದಕ್ಕೂ ಮೊದಲು ನಾನು ಇದ್ದದ್ದು ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಒಂದು ಕಂಪನಿಯಲ್ಲಿ. ಮಂಡ್ಯದಿಂದ ದಿನಾ ರೈಲು. ಮಿಷಿನ್ನುಗಳಲ್ಲಿ ತಿರುಗುವ ಲೋಹದ ದಂಡ, ಅಂದರೆ ಶಾಫ್ಟ್, ಮಾಡುತ್ತಿದ್ದೆವು. ಅಲ್ಲೂ ಕೆಟ್ಟ ಮಾಲು ಹಾಕುವ ಕೆಂಪು ತೊಟ್ಟಿ ಇತ್ತು. ತಿಂಗಳ ಕೊನೆಗೆ ಅದನ್ನು ತೂಗಿ ಗುಜರಿಯವನಿಗೆ ಕೊಟ್ಟರೆ ಬಂದ ದುಡ್ಡು ಲೆಕ್ಕದ ಪುಸ್ತಕದಲ್ಲಿ ಆದಾಯದ ಕಡೆ ಕೂರುತ್ತಿತ್ತು. ಹೆಚ್ಚು ಹಾಳು ಮಾಡಿದ ತಿಂಗಳು ಹೆಚ್ಚು ಆದಾಯ! ಆಗ ಇದು ನಗುವ ವಿಷಯ ಅಂತ ಯಾರಿಗೂ ಅನ್ನಿಸಿರಲಿಲ್ಲ, ನನಗೂ.

ಕ್ಯಾಂಟೀನಿನ ಹಿಂದೆ ಒಂದು ಬೆಂಚು. ಅಲ್ಲಿ ಕೂರುತ್ತಿದ್ದ ಹಿರಿಯ ಫಿಟ್ಟರ್ ಒಬ್ಬರನ್ನು ಎಲ್ಲರೂ ಎಮರಿ ಅಣ್ಣ ಅಂತಲೇ ಕರೆಯುತ್ತಿದ್ದರು. ಶಾಫ್ಟ್ ಮೂರ್ನಾಲ್ಕು ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ದಪ್ಪ ಬಂದರೆ ಉಜ್ಜುವ ಎಮರಿ ಹಾಳೆ ಸುತ್ತಿ, ತಿರುಗಿಸಿ, ಬೆರಳಲ್ಲಿ ಸವರಿ, ಅಳತೆ ನೋಡುವ ಗೇಜಿಗೆ ಹಾಕಿ, ಮತ್ತೆ ಸವರಿ, ಸರಿ ಮಾಡಿ ಕೊಡುತ್ತಿದ್ದರು. ಅಷ್ಟು ಚೊಕ್ಕ ಕೈ ನಾನು ಇಲ್ಲೂ ನೋಡಿಲ್ಲ. ಆಯುಧಪೂಜೆಯ ದಿನ ಅವರಿಗೆ ಶಾಲು ಹೊದಿಸಿ ಮೈಸೂರು ಪೇಟ ತೊಡಿಸುತ್ತಿದ್ದೆವು. ಅವರ ಎಂಟು ಗಂಟೆ ದುಡಿಮೆ ಮಾತ್ರ ಉತ್ಪಾದನೆ ಅಂತಲೇ ಬರೆದಿರುತ್ತಿತ್ತು. ಫೀಗೆನ್‌ಬಾಮ್ ಹೇಳುವ ಕಾರ್ಖಾನೆಯೊಳಗೆ ಅಡಗಿದ ಇನ್ನೊಂದು ಕಾರ್ಖಾನೆ ನಮ್ಮಲ್ಲಿ ಆ ಬೆಂಚು. ನಮ್ಮ ಅತಿ ಒಳ್ಳೆಯ ಕೆಲಸಗಾರ ಬೇರೆಯವರು ಕೆಡಿಸಿದ್ದನ್ನು ತಿದ್ದುತ್ತಾ ರಿಟೈರ್ ಆದರು. ಮಿಷಿನ್ ಯಾಕೆ ದಪ್ಪ ತೆಗೆಯುತ್ತಿದೆ ಅಂತ ಯಾರೂ ಅವರನ್ನು ಕೇಳಲಿಲ್ಲ. ಕೇಳಿದ್ದರೆ ಐದು ನಿಮಿಷದಲ್ಲಿ ಹೇಳುತ್ತಿದ್ದರು ಅನ್ನಿಸುತ್ತದೆ.

ಒಂದು ಸಲ ಹೊಸೂರಿನ ಗಿರಾಕಿಯ ಜೋಡಣೆ ಲೈನಿನಲ್ಲಿ ನಮ್ಮ ಶಾಫ್ಟ್ ಕೂರಲಿಲ್ಲ. ರಾತ್ರೋರಾತ್ರಿ ಟೆಂಪೋದಲ್ಲಿ ಬೇರೆ ಮಾಲು ಹೋಯಿತು. ಹಿಂದೆಯೇ ನಾವು ಆರು ಜನ. ಮೂರು ದಿನ ಅಲ್ಲೇ ನೆಲದ ಮೇಲೆ ರಟ್ಟು ಹಾಸಿಕೊಂಡು ಕೂತು 4,000 ಶಾಫ್ಟನ್ನು ಒಂದೊಂದಾಗಿ ಗೇಜಿಗೆ ಹಾಕಿದೆವು. ಸಿಕ್ಕ ಕೆಟ್ಟ ಶಾಫ್ಟ್ 11. ಟೆಂಪೋ ಬಾಡಿಗೆ ಸಾಗಾಣಿಕೆಗೆ ಹೋಯಿತು, ಲಾಡ್ಜು ಊಟ ಪ್ರಯಾಣ ವೆಚ್ಚಕ್ಕೆ ಹೋಯಿತು, ಭಾನುವಾರದ ಓಟಿ ಸಂಬಳಕ್ಕೆ ಹೋಯಿತು. ತಪ್ಪಿನ ವೆಚ್ಚ ಅಂತ ವರದಿಯಲ್ಲಿ ಉಳಿದದ್ದು 11 ಶಾಫ್ಟಿನ ಬೆಲೆ. 2,000 ರೂಪಾಯಿ ಕೂಡ ದಾಟಿರಲಿಲ್ಲ. ಆ ವರದಿ ಬರೆದವಳು ನಾನೇ.

ಹಾಗಂತ ಇಲ್ಲಿನವರೇನು ಸತ್ಯಹರಿಶ್ಚಂದ್ರನ ಮನೆಯವರಲ್ಲ. ತಿದ್ದುವ ಕೆಲಸಕ್ಕೆ ಬೇರೆಯದೇ ಕೋಡ್ ಇದೆ, ಶುರು ಮಾಡುವ ಮೊದಲು ಸ್ಕ್ಯಾನ್ ಮಾಡಬೇಕು. ಒಂದು ಶಿಫ್ಟಿನವರು ಅದನ್ನೆಲ್ಲ 'ಮಿಷಿನ್ ಕ್ಲೀನಿಂಗ್' ಅಂತ ಸ್ಕ್ಯಾನ್ ಮಾಡುತ್ತಿದ್ದರು. ಅಷ್ಟು ಸ್ವಚ್ಛ ಮಿಷಿನ್ ಇಡೀ ಜರ್ಮನಿಯಲ್ಲಿ ಇರಲಿಕ್ಕಿಲ್ಲ ಅಂತ ನನಗೆ ಅನುಮಾನ ಬಂದದ್ದು ಹಾಗೆ.

ಇರಲಿ, ಬೆಲ್ಲಕ್ಕೆ ಬರುತ್ತೇನೆ.

ಹೋದ ಡಿಸೆಂಬರ್ ರಜೆಗೆ ಮಂಡ್ಯದ ಹತ್ತಿರ ನಮ್ಮೂರಿಗೆ ಹೋಗಿದ್ದೆವು. ಅಪ್ಪನ ಆಲೆಮನೆ ನಡೆಯುತ್ತಿತ್ತು. ತ್ರೀ ಫೇಸ್ ಕರೆಂಟು ಬರುತ್ತಿದ್ದದ್ದು ರಾತ್ರಿ. ಹಾಗಾಗಿ ಗಾಣವೂ ರಾತ್ರಿ. ಮಗನಿಗೆ ಹಬ್ಬ. ಕಂಬಳಿ ಹೊದ್ದು ಒಲೆಯ ಹತ್ತಿರ ಕೂತು, ಒಣಗಿದ ಕಬ್ಬಿನ ಸಿಪ್ಪೆ ಒಳಗೆ ತಳ್ಳುವುದನ್ನೇ ನೋಡುತ್ತಿದ್ದ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕಾದ ಹಾಗೆ ಸುಣ್ಣ ಬೀಳುತ್ತೆ, ಬೆಂಡೆ ಗಿಡದ ಲೋಳೆ ಬೀಳುತ್ತೆ, ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತೆ. ಅದನ್ನು ತೆಗೆದಷ್ಟೂ ಬೆಲ್ಲ ಚೆನ್ನ. ಆಮೇಲಿನದೆಲ್ಲ ಪಾಕ ನೋಡುವವನ ಕೈಲಿ. ತಟ್ಟೆಯಲ್ಲಿ ತಣ್ಣೀರು ಇಟ್ಟುಕೊಂಡು ಪಾಕದ ಒಂದು ಹನಿ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟುತ್ತಾನೆ. ಉಂಡೆ ಮೆತ್ತಗಿದ್ದರೆ ಇನ್ನೂ ಆಗಿಲ್ಲ. ತಟ್ಟೆಗೆ ಬಡಿದರೆ ಟಣ್ ಅನ್ನಬೇಕು. ಥರ್ಮಾಮೀಟರ್ ಇಟ್ಟರೆ ಅದು 118 ಡಿಗ್ರಿಯ ಹತ್ತಿರ. ಅವನಿಗೆ ಆ ಸಂಖ್ಯೆ ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ಎರಡು ನಿಮಿಷ ತಡವಾದರೆ ಮಾತ್ರ ಬೆಲ್ಲ ಕಪ್ಪಾಗುತ್ತೆ.

ಅವತ್ತು ತಡವಾಯಿತು. ಅದು ಅವನಿಗೆ ನಿದ್ದೆಯಿಲ್ಲದ ಮೂರನೇ ರಾತ್ರಿ. ತಟ್ಟೆ ಹಿಡಿದು ಕೂತಲ್ಲೇ ತೂಗಡಿಸಿಬಿಟ್ಟ. ವಾಸನೆ ಮೂಗಿಗೆ ಬಡಿದು ಅಪ್ಪ ಕೂಗಿದರು. ಅವಸರದಲ್ಲಿ ಕೊಪ್ಪರಿಗೆ ಇಳಿಸುವಾಗ ಪಾಕ ಸಿಡಿದು ಅವನ ಮಣಿಕಟ್ಟಿನ ಮೇಲೆ ಬೊಬ್ಬೆ ಎದ್ದಿತು. ಅಪ್ಪ ಬೈಯಲಿಲ್ಲ. "ಸೀದೋಯ್ತು, ಬುಡು ಅತ್ಲಾಗೆ" ಅಂದು ಅವನ ಕೈಗೆ ನೀರು ಹುಯ್ದರು.

ನನ್ನ ಮಗನಿಗೆ ಆ ಸೀದ ಬೆಲ್ಲ ಎಷ್ಟು ಇಷ್ಟವಾಯಿತೆಂದರೆ, ಚಾಕಲೇಟ್ ಬೆಲ್ಲ ಅಂತ ಹೆಸರಿಟ್ಟು ಎರಡು ಅಚ್ಚು ಬ್ಯಾಗಿನಲ್ಲಿ ತುಂಬಿಕೊಂಡು ಬಂದ.

ಫ್ರಿಜ್ಜಿನ ಮೇಲಿನ ಪ್ರಶ್ನೆ ಗುರುತು ನೋಡಿ ನೋಡಿ, ಭಾನುವಾರ ಪೆನ್ನು ಹಿಡಿದು ಕೂತೆ. ಒಂದು ಟನ್ ಕಬ್ಬು, ಅದರಿಂದ ಸುಮಾರು 100 ಕೆಜಿ ಬೆಲ್ಲ. ಕಪ್ಪು ಬೆಲ್ಲಕ್ಕೆ ರೇಟು ಕಡಿಮೆ, ಅಲ್ಲಿ 1,500 ರೂಪಾಯಿ ಹೋಯಿತು. ಅಪ್ಪನ ಪ್ರಕಾರ ಅದೂ ಇಲ್ಲ, ಯಾಕೆಂದರೆ ಕಬ್ಬು ನಮ್ಮ ಹೊಲದ್ದು. ಹೊಲದ್ದು ಅಂದರೆ ಪುಕ್ಕಟೆ. ದೊಡ್ಡ ಪೆಟ್ಟು ಬೇರೆ ಕಡೆ ಇತ್ತು. ಬೇರೆ ಇಡಿ ಅಂದರೂ ಯಾರೋ ನಾಲ್ಕು ಕಪ್ಪು ಅಚ್ಚನ್ನು ಒಳ್ಳೆಯ ಮೂಟೆಗೆ ಹಾಕಿದ್ದರು. ಮಂಡಿಯಲ್ಲಿ ದಲ್ಲಾಳಿಗೆ ಅದೇ ಮೂಟೆ ಬಿಚ್ಚಬೇಕೆನಿಸಿತು. ಇಡೀ ಲೋಡಿಗೆ ಕ್ವಿಂಟಲಿಗೆ 200 ಇಳಿಸಿದ. 25 ಕ್ವಿಂಟಲಿಗೆ 5,000. ಒಳಗೆ 1,500, ಗೇಟು ದಾಟಿದ ಮೇಲೆ 5,000. (ಈ ಮಂಡಿಯವರ ಕಣ್ಣಿಗೆ ಬೆಳ್ಳಗಿದ್ದದ್ದೇ ಬೆಲ್ಲ. ಅದಕ್ಕೇ ಎಷ್ಟೋ ಕಡೆ ಬಿಳುಪು ಬರಿಸುವ ಹೈಡ್ರೋಸ್ ಅನ್ನೋ ರಾಸಾಯನಿಕ ಸುರಿಯುತ್ತಾರೆ. ಕಂದು ಬಣ್ಣದ್ದನ್ನು ಬೆಂಗಳೂರಿನವರು ಆರ್ಗ್ಯಾನಿಕ್ ಅಂತ ಹೆಚ್ಚು ದುಡ್ಡು ಕೊಟ್ಟು ಒಯ್ಯುತ್ತಾರೆ. ಯಾವುದು ತಪ್ಪು ಅಂತ ಮೊದಲು ಗೊತ್ತಾದರೆ ತಾನೆ ಬೆಲೆ ಕಟ್ಟೋದು!)

ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಮಗ ಪಕ್ಕದಲ್ಲೇ ಪೆನ್ಸಿಲ್ ಹಿಡಿದು ಕೂತಿದ್ದ. "ಅಪ್ಪ, ಅವತ್ತು ಬೆಲ್ಲ ಸೀದದ್ದಕ್ಕೆ ನಿಮಗೆ 6,500 ರೂಪಾಯಿ ಹೋಯ್ತು" ಅಂದೆ. ಹೆಮ್ಮೆಯಿಂದಲೇ ಅಂದೆ.

ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅವ್ನ್ ಕೈ ಸುಟ್ಟಿದ್ದು? ಹದ್ನೈದ್ ದಿನ ಕೂಲಿಗೆ ಹೋಗ್ಲಿಲ್ಲ ಕಣವ್ವ ಅವ್ನು. ಅದ್ನ ಯಾವ್ದಕ್ಕೆ ಸೇರಿಸ್ದೆ?" ಅಂದರು.

ಸೇರಿಸಿರಲಿಲ್ಲ. ನನ್ನ ಹಾಳೆಯಲ್ಲಿ ನಾಲ್ಕೂ ಗೂಡೆ ಇದ್ದವು, ಅವನ ಮಣಿಕಟ್ಟು ಯಾವುದರಲ್ಲೂ ಇರಲಿಲ್ಲ. ಅವನು ಮೂರು ರಾತ್ರಿ ನಿದ್ದೆಗೆಟ್ಟದ್ದೂ ಇರಲಿಲ್ಲ. ಅಪ್ಪ ಆ ಹದಿನೈದು ದಿನದ ಕೂಲಿ ಕೊಟ್ಟಿದ್ದರಂತೆ. ನನಗೆ ಹೇಳಿರಲಿಲ್ಲ.

"ಈ ವರ್ಷ ರಾತ್ರಿ ಹೊತ್ತು ಗಾಣ ಆಡ್ಸಕಿಲ್ಲ ಅಂದ್ಬುಟ್ಟಿವ್ನಿ" ಅಂದರು ಅಪ್ಪ. "ಹಗ್ಲು ಕರೆಂಟ್ ಕೊಟ್ಟಷ್ಟು ಹೊತ್ತು ಆಡ್ಸದು. ಬೆಲ್ಲ ಕಮ್ಮಿನೇ ಆಗ್ಲಿ. ಸುರು ಮಾಡಿ ಮೂರು ವಾರ ಆಯ್ತು, ಒಂದು ಕೊಪ್ಪರಿಗೆನೂ ಸೀದಿಲ್ಲ."

ನಾನು ಕಾಗದದ ಮೇಲೆ ಇನ್ನೊಂದು ಗೆರೆ ಎಳೆಯುತ್ತಿದ್ದೆ. ಮಗ ನನ್ನ ಕೈಯಿಂದ ಫೋನು ಕಿತ್ತುಕೊಂಡ. ಮುಖ ಸಣ್ಣಗಾಗಿತ್ತು.

"ಹಾಗಾದ್ರೆ ಈ ಸಲ ಚಾಕಲೇಟ್ ಬೆಲ್ಲ ಇಲ್ವಾ ತಾತ?"